ಡೆಲ್ಮರನ ಡಿಸ್ಕು

ತಿರುಗುವ ತಟ್ಟೆಯ ಮೇಲೆ ಡೆಲ್ಮರ್ ಪ್ರೂಯಿಟ್ ಸುರಿದ ಗ್ರೇವಿ, ನಡುವೆ ಇಟ್ಟಿದ್ದ ಮಾಂಸದುಂಡೆಯನ್ನು ಅಂದವಾಗಿ ಸುತ್ತಿಕೊಳ್ಳಬೇಕಿತ್ತು. ಅದು ಹಾರಿ ಹೋಗಿ ಪಾದ್ರಿ ಹಾಯ್ಟರ ಟೈ ಮೇಲೆ ಕೂತಿತು. ಗ್ರೇವಿಗೆ ಗುರುತ್ವ ಸಿಗಲಿಲ್ಲ, ಗುರುಗಳು ಸಿಕ್ಕರು.

"ಕ್ಷಮಿಸಿ ಬ್ರದರ್ ಹಾಯ್ಟ್, ಆಕಾಶದಲ್ಲಿ ಹೀಗಾಗಲ್ಲ."

"ಆಕಾಶದಲ್ಲಿ ಯಾರು ಟೈ ಕಟ್ತಾರಪ್ಪ, ಬಿಡು," ಎಂದ ಪಾದ್ರಿಗಳು ಜೋಳದ ಬ್ರೆಡ್ಡಿನ ತುಂಡಿನಿಂದ ಟೈ ಒರೆಸಿ, ತುಂಡನ್ನು ಬಾಯಿಗೆ ಹಾಕಿಕೊಂಡರು.

ರಾಕೆಟ್ ಕಟ್ಟುವ ಊರಾದ ಹಂಟ್ಸ್‌ವಿಲ್ಲಿನಲ್ಲಿ ರಾಕೆಟ್ ಎಂದರೇನೆಂದು ಬೀದಿ ನಾಯಿಗೂ ಗೊತ್ತು. ಖಗೋಳ ವಿಜ್ಞಾನಿ ಡೆಲ್ಮರನ ಕೆಲಸ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಸತ್ತ ನಕ್ಷತ್ರದ ಗಟ್ಟಿ ಉಂಡೆಯಾದ ನ್ಯೂಟ್ರಾನ್ ತಾರೆಯೊಂದು ಜೊತೆಗಿರುವ ತಾರೆಯ ಮೈಯಿಂದ ಅನಿಲ ಕಿತ್ತುಕೊಳ್ಳುತ್ತದೆ. ಕಿತ್ತದ್ದು ನೇರವಾಗಿ ಬಾಯಿಗೆ ಬೀಳದೆ, ತಟ್ಟೆಯ ಹಾಗೆ ಹರಡಿ, ಸುತ್ತಿ ಸುತ್ತಿ ಕಾದು ಎಕ್ಸ್-ರೇ ಸೂಸುತ್ತದೆ. ಆ ತಟ್ಟೆಯೇ ಡಿಸ್ಕು. ಇಷ್ಟನ್ನೂ ಅವನು ಮದುವೆಯ ದಿನವೇ ಅತ್ತೆ ವರ್ನೆಲ್ಲಾಗೆ ಹೇಳಿದ್ದ. ಆಕೆಯ ಕಿವಿಗೆ ಬಿದ್ದದ್ದು ಎರಡೇ ಪದ: ಎಕ್ಸ್-ರೇ, ಡಿಸ್ಕು. ಅಂದಿನಿಂದ ಅವನು ಊರಿಗೆಲ್ಲ ಬೆನ್ನುನೋವಿನ ಡಾಕ್ಟರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಟರ್ಕಿ ಕೋಳಿಗಿಂತ ಮೊದಲು ಯಾರದೋ ಸೊಂಟದ ಎಕ್ಸ್-ರೇ ಅವನ ಮುಂದೆ ಬರುತ್ತಿತ್ತು. ಡೆಲ್ಮರ್ ಸಂಕೋಚದ ಪ್ರಾಣಿ. ಅದನ್ನು ಬೆಳಕಿಗೆ ಹಿಡಿದು "ಹ್ಞೂಂ" ಎನ್ನುತ್ತಿದ್ದ. ಅಲ್ಲೇ ಕೆಟ್ಟಿತು ಕೆಲಸ: ಆ "ಹ್ಞೂಂ"ಗೆ ಇಬ್ಬರ ನೋವು ವಾಸಿಯಾಯಿತು.

ಅದಕ್ಕೇ ಬುಧವಾರದ ಚರ್ಚಿನ ಊಟಕ್ಕೆ ಈ ಭಾಷಣ; ಮಾಂಸದುಂಡೆಯೇ ತಾರೆ, ಗ್ರೇವಿಯೇ ಅನಿಲ. ಬೇರೆ ಯಾರಿಗೆ ತಿಳಿಯದಿದ್ದರೂ ಸರಿ, ತಾನು ಮಾಡುವುದೇನೆಂದು ಅತ್ತೆಗೆ ಒಮ್ಮೆ ತಿಳಿಯಬೇಕು. "ಡೆಲ್ಮರ್ ಪ್ರೂಯಿಟ್: ಎಕ್ಸ್-ರೇ ಮತ್ತು ಡಿಸ್ಕು" ಎಂಬ ಪ್ರಕಟಣೆ ಓದಿ ಊರೇ ನೆರೆದಿತ್ತು. ಮುಂದಿನ ಸಾಲಿನವರು ಬೆನ್ನಿಗೆ ದಿಂಬು ತಂದಿದ್ದರು.

"ನಂದು ಜಾರಿದೆ ಕಣಪ್ಪಾ," ಎಂದಳು ಯೂಲಾ ಅಜ್ಜಿ.

"ಇದು ನಕ್ಷತ್ರದ ಡಿಸ್ಕು ಅಜ್ಜಿ."

"ಅಯ್ಯೋ ಪಾಪ, ಅದಕ್ಕೂ ಜಾರಿದ್ಯಾ?"

"ಜಾರುತ್ತೆ... ನಿಧಾನಕ್ಕೆ, ಒಳಗಡೆಗೆ."

"ನಂದೂ ಹಾಗೇನೇ!"

ಡೆಲ್ಮರ್ ಗ್ರೇವಿಯ ಸೌಟನ್ನು ಕೆಳಗಿಟ್ಟ. ಇನ್ನು ಮನೆಗೆ ಹೋಗುವುದೇ ಮೇಲು ಎನ್ನುವಾಗ ವರ್ನೆಲ್ಲಾ ಎದ್ದು ನಿಂತಳು.

"ಸುಮ್ನಿರೇ ಯೂಲಾ, ನಂಗೆ ಅರ್ಥ ಆಯ್ತು. ನಮ್ಮ ನೆಂಟರು ಊಟಕ್ಕೆ ಬಂದ್ರೆ ನೆಟ್ಟಗೆ ಅಡುಗೆಮನೆಗೆ ನುಗ್ತಾರಾ? ಇಲ್ಲ. ಮೊದ್ಲು ವರಾಂಡ ಸುತ್ತೋದು, ಆಮೇಲೆ ಹಾಲ್ ಸುತ್ತೋದು. ಒಬ್ರಿಗೊಬ್ರು ಮೈ ಉಜ್ಜಿ, ಮಾತಿಗೆ ಮಾತು ಬೆಳೆದು ಬಿಸಿಯಾಗಿ, ಕೊನೆಗೆ ನನ್ನ ಪೀಚ್ ಪೈ ಮೇಲೆ ಬೀಳ್ತಾರೆ. ಆ ಬಿಸೀನೇ ನಿನ್ನ ಎಕ್ಸ್-ರೇ. ಅಲ್ವೇನೋ?"

ಡೆಲ್ಮರ್ ಕೆಳಗಿಟ್ಟ ಸೌಟನ್ನು ಮತ್ತೆ ಎತ್ತಿಕೊಂಡ. "ಅದೇ ಅತ್ತೆ. ಅದೇ!"

ವರ್ನೆಲ್ಲಾ ಸಭೆಯ ಕಡೆ ಹೆಮ್ಮೆಯಿಂದ ತಿರುಗಿದಳು. ಮೊಟ್ಟಮೊದಲ ಬಾರಿಗೆ ಬಹುವಚನ ಹೊರಬಂತು.

"ಅಳಿಯಂದ್ರೇ, ಇಷ್ಟು ವರ್ಷ ಅದನ್ನೇ ನೋಡ್ತಾ ಕೂತಿದ್ದೀರಲ್ಲ, ಎಲ್ಲರಿಗೂ ಹೇಳಿ. ನೋಡೋಕೆ ಹೇಗಿದೆ ಆ ಡಿಸ್ಕು?"

ಮುಂದಿನ ಸಾಲಿನವರು ದಿಂಬು ಬಿಟ್ಟು ಮುಂದಕ್ಕೆ ಬಾಗಿದರು.

"ನಾನು ನೋಡಿಲ್ಲ ಅತ್ತೆ," ಎಂದ ಡೆಲ್ಮರ್. "ಯಾರೂ ನೋಡಿಲ್ಲ. ಕಾಣೋದು ಒಂದು ಚುಕ್ಕಿ. ಅದು ಮಿಣುಕುತ್ತೆ, ನಾವು 'ಹ್ಞೂಂ' ಅಂತೀವಿ."