ಮುಚ್ಚಿಹೋದ ತಗ್ಗು

ನೋಡಲು ಕಣ್ಣನ್ನೂ, ಕಣ್ಣು ಸೋತವರಿಗೆ ನೋಡಲು ಬೆರಳನ್ನೂ ಕರುಣಿಸಿದ ಪರಮಾತ್ಮನಿಗೆ ನನ್ನ ಮೊದಲ ವಂದನೆ. ನನಗೆ ಅಕ್ಷರ ತಿದ್ದಿಸಿ, ಶಾಸ್ತ್ರ ಓದಿಸಿದ ಗುರುಗಳಿಗೆ ಎರಡನೆಯದು. ಕಲಿತದ್ದನ್ನು ಎಲ್ಲಿ ಬಳಸಬಾರದೆಂಬುದನ್ನು ನಾನು ತಡವಾಗಿ ತಿಳಿದೆನೆಂದರೆ ಆ ದೋಷ ಅವರದಲ್ಲ.

ನನ್ನ ತಂಗಿಯನ್ನು ತಿಕೋಟಾದ ದ್ರಾಕ್ಷಿ ಬೆಳೆಯುವ ಮನೆತನಕ್ಕೆ ಕೊಟ್ಟಿತ್ತು. ಸಕ್ಕರೆ ಕಾಯಿಲೆಯಿಂದ ಅವಳ ದೃಷ್ಟಿ ಹೋಗಿ ಕೆಲವು ವರ್ಷಗಳಾಗಿವೆ. ಕಳೆದ ಕಾರ್ತಿಕದಲ್ಲಿ ಅವಳ ಗಂಡ, ನನ್ನ ಭಾವನವರು, ತೀರಿಕೊಂಡರು. ಕರ್ಮಗಳೆಲ್ಲ ಮುಗಿದು ನಾನು ವಿಜಯಪುರಕ್ಕೆ ಹೊರಟು ನಿಂತಾಗ ಅವಳು ಕೈ ಹಿಡಿದು ಹೇಳಿದಳು:

“ಅಣ್ಣಾ, ಅವರ ದನಿ ನೆನಪೈತಿ. ಮುಖ ಮಾತ್ರ ದಿನಾ ಒಂದೀಟು ಜಾರಾಕತ್ತೈತಿ.”

ಅದಕ್ಕೆ ಉತ್ತರ ಕೊಡಬಲ್ಲವಳು ವಿಜಯಪುರದ ಜೋರಾಪುರ ಪೇಟೆಯಲ್ಲಿದ್ದಳು. ಅವಳು ನನ್ನ ತಮ್ಮನ ಮಗಳು; ಕಂಪ್ಯೂಟರಿನಲ್ಲಿ ಪಂಪುಗಳ ಭಾಗಗಳನ್ನು ರೂಪಿಸುವ ಕೆಲಸದಲ್ಲಿದ್ದಾಳೆ. ಭಾವನವರು ತೀರಿಕೊಳ್ಳುವ ಹಿಂದಿನ ಬೇಸಿಗೆಯಲ್ಲಿ ಅವಳು ತಿಕೋಟಾಕ್ಕೆ ಹೋಗಿ, ಒಣದ್ರಾಕ್ಷಿಯ ಶೆಡ್ಡಿನ ಮುಂದೆ ಕುಳಿತಿದ್ದ ಅವರ ಸುತ್ತ ಫೋನು ಹಿಡಿದು ತಿರುಗಿ, ಅವರ ಮುಖವನ್ನು ಅಳತೆಸಮೇತ ಸೆರೆಹಿಡಿದಿದ್ದಳು. “ನಾನೇನು ದೇವರೇನ ಬೇ, ಪ್ರದಕ್ಷಿಣಿ ಹಾಕಾಕತ್ತೀಯಲ್ಲ? ನೈವೇದ್ಯ ಎಲ್ಲೈತಿ?” ಎಂದು ಅವರು ಕೆಣಕಿದ್ದರಂತೆ. ಆ ಅಳತೆಯಿಂದ ಮರದ ಮುಖವೊಂದನ್ನು ಮಾಡಿಸೋಣವೆಂದು ನಾವಿಬ್ಬರೂ ನಿಶ್ಚಯಿಸಿದೆವು. ತಂಗಿಗೆ ಹೇಳಲಿಲ್ಲ.

ಪರದೆಯ ಮೇಲೆ ಭಾವನವರನ್ನು ಕಂಡು ನನ್ನ ಕಣ್ಣು ತುಂಬಿತು. ಆದರೆ ತಮ್ಮನ ಮಗಳು ಆ ಮುಖವನ್ನು ಹಿಮ್ಮುಖವಾಗಿ ತಿರುಗಿಸಿದಾಗ ಒಳಗೆ ಏನೂ ಇರಲಿಲ್ಲ. ಮೂಗು ಒಂದು ಗುಳಿಯಾಗಿ ಕಂಡಿತು. ಇದು ಬರೀ ಮೇಲ್ಮೈ, ಈರುಳ್ಳಿಯ ಸಿಪ್ಪೆಯಷ್ಟೂ ದಪ್ಪವಿಲ್ಲ ಎಂದು ಅವಳು ವಿವರಿಸಿದಳು. ಆ ಮೇಲ್ಮೈಯ ತುಂಡುಗಳ ಅಂಚಿಗೆ ಅಂಚು ಹೊಲಿದು, ಹಿಂಬದಿಯನ್ನೂ ಕಟ್ಟಿ, ಎಲ್ಲಿಯೂ ಬಿರುಕಿಲ್ಲದಂತೆ ಮಾಡಿದರೆ ಮಾತ್ರ ಕಂಪ್ಯೂಟರು ಅದನ್ನು ಒಳಗೂ ತುಂಬಿದ ಘನವೆಂದು ಒಪ್ಪುತ್ತದೆ. ಕೆತ್ತುವ ಯಂತ್ರಕ್ಕೆ ಘನವೇ ಬೇಕು. ಘನವೆಂದರೆ ಹಿರಿದು, ಪೂಜ್ಯ ಎಂದೇ ಬಾಳೆಲ್ಲ ಓದಿದವನು ನಾನು. ಆ ಶಬ್ದವೇ ನನ್ನನ್ನು ದಾರಿ ತಪ್ಪಿಸಿತೆಂದು ಈಗ ತೋರುತ್ತದೆ.

ಹೊಲಿಗೆ ಬಹುಪಾಲು ಮುಗಿದಾಗ ಅವಳು ಎರಡು ಕಡೆ ನಿಂತಳು. ಎಡಗಿವಿಯ ಹಾಲೆಯಲ್ಲಿ ಹರುಕಾದ ತೂತು. ಹಣೆಯ ಬಲಕ್ಕೆ ಚುಕ್ಕೆಗಳು ಚದುರಿದ ತಗ್ಗು.

“ದೊಡ್ಡಪ್ಪಾ, ಇವು ಖರೇ ಅದಾವೋ, ಫೋನಿನ ತಪ್ಪೋ? ಖರೇ ಇದ್ರ ಹಂಗ ಉಳಿಸಿನೂ ಘನ ಮಾಡಬಹುದು.”

ಅವು ನಿಜವೆಂದು ನನಗೆ ಗೊತ್ತಿತ್ತು. ಬಾಲ್ಯದಲ್ಲಿ ಚುಚ್ಚಿಸಿದ ಕಿವಿ ಅದು. ಹಣೆಯದು, ದ್ರಾಕ್ಷಿ ಚಪ್ಪರದ ಕಬ್ಬಿಣದ ಕಂಬ ಬಡಿದು ಆದ ಗಾಯದ ಗುರುತು. ಆದರೂ, ಛಿದ್ರವಿರುವ, ಭಿನ್ನವಾದ ಬಿಂಬವನ್ನು ಮನೆಯಲ್ಲಿ ಇಡಬಾರದು, ಎರಡನ್ನೂ ಮುಚ್ಚು ಎಂದೆ. ದೇವರ ಮೂರ್ತಿಗೆ ಹೇಳಿದ ನಿಯಮವನ್ನು ಮನುಷ್ಯನ ಮುಖಕ್ಕೆ ಹಚ್ಚಿದೆ. ಅವಳು ನನ್ನ ಮಾತು ಮೀರಲಿಲ್ಲ.

ಬಬಲೇಶ್ವರದಲ್ಲಿ ಬಾಗಿಲುಗಳಿಗೆ ಹೂಬಳ್ಳಿ ಕೆತ್ತುವ ಯಂತ್ರವಿಟ್ಟುಕೊಂಡ ಬಡಿಗರೊಬ್ಬರು ಸಾಗವಾನಿಯಲ್ಲಿ ಮುಖವನ್ನು ತೆಗೆದುಕೊಟ್ಟರು. ಅದನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಿಕೋಟಾಕ್ಕೆ ಹೋದೆ.

ವಿಷಯ ತಿಳಿಸಿದಾಗ ತಂಗಿ ಕೈ ತೊಳೆದು ಬಂದು ಕುಳಿತಳು. ಅವಳ ಬೆರಳು ಗದ್ದದಿಂದ ಮೂಗಿಗೆ, ಮೂಗಿನಿಂದ ನೇರವಾಗಿ ಹಣೆಯ ಬಲಕ್ಕೆ ಹೋಯಿತು. ಅಲ್ಲಿ ನಿಂತಿತು. ಇನ್ನೊಮ್ಮೆ ಸವರಿದಳು. ಕಿವಿ ಹಿಡಿದು ನೋಡಿದಳು. ತಲೆನೋವು ಬಂದಾಗಲೆಲ್ಲ ಅವರ ಆ ತಗ್ಗಿಗೇ ಲವಂಗ ಅರೆದು ತುಂಬುತ್ತಿದ್ದಳಂತೆ. ಬೇರೆಲ್ಲಿ ಹಚ್ಚಿದರೂ ಅವರು ಬೈಯುತ್ತಿದ್ದರಂತೆ. ಇದನ್ನೆಲ್ಲ ಅವಳು ಮೆಲ್ಲಗೆ ಹೇಳಿ, ಮುಖವನ್ನು ನನ್ನ ಕಡೆಗೆ ಸರಿಸಿದಳು.

“ಚಂದ ಐತಿ ಅಣ್ಣಾ. ಆದ್ರ ಇವರು ಅವರಲ್ಲ.”

ತಮ್ಮನ ಮಗಳ ಬಳಿ ಹಳೆಯ ಮೇಲ್ಮೈ ಹಾಗೆಯೇ ಉಳಿದಿತ್ತು. ನನ್ನ ತಪ್ಪನ್ನು ಒಪ್ಪಿಕೊಂಡೆ. ಅವಳು ತೂತಿಗೆ ಒಳಗೋಡೆ ಕಟ್ಟಿ, ತಗ್ಗಿನ ಚದುರಿದ ಚುಕ್ಕೆಗಳನ್ನು ಕೂಡಿಸಿ, ಮತ್ತೆ ಘನ ಮಾಡಿದಳು. ಬಡಿಗರು ಮತ್ತೆ ಕೆತ್ತಿದರು. ಎರಡನೆಯ ಮುಖವನ್ನು ಒಯ್ದಾಗ ತಂಗಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

“ಬ್ಯಾಡಣ್ಣಾ. ಒಮ್ಮೆ ಮುಟ್ಟಿ ಅವರನ್ನ ಅಲ್ಲ ಅಂದೇನಿ. ಇದನ್ನೂ ಮುಟ್ಟಿ ಅಲ್ಲ ಅನ್ನೂದಾದ್ರ, ನೆನಪಿನಾಗ ಉಳಿದಿದ್ದೂ ಹೋಗ್ತೈತಿ.”

ನಾನು ಒತ್ತಾಯಿಸಲಿಲ್ಲ. ಆ ಮುಖ ಈಗ ನನ್ನ ಮನೆಯಲ್ಲಿದೆ. ಹಣೆಯ ತಗ್ಗಿನಲ್ಲಿ ಆಗಾಗ ಬೆರಳಿಡುತ್ತೇನೆ. ಅದು ಸರಿಯಾಗಿದೆಯೆಂದು ಹೇಳಬಲ್ಲ ಬೆರಳು ನನ್ನದಲ್ಲ.

ಹಿರಿಯನ ಮಾತಿಗೆ ತಲೆಬಾಗಿ ಮುಚ್ಚಿ, ಹಿರಿಯನ ತಪ್ಪಿಗೆ ಮರುಗಿ ತೆರೆದ ಆ ಮಗಳ ಕೈಗೆ ಒಳ್ಳೆಯದಾಗಲಿ. ಒಂದೇ ಮುಖವನ್ನು ಎರಡು ಸಲ ಬೇಸರಿಸದೆ ಕೆತ್ತಿದ ಬಡಿಗರ ಮನೆ ತಣ್ಣಗಿರಲಿ. ಭಾವನವರಿಗೆ ಸದ್ಗತಿಯಿರಲಿ. ನನ್ನ ತಂಗಿಯಲ್ಲಿ ಉಳಿದಿರುವುದು, ಎಷ್ಟೇ ಇರಲಿ, ಉಳಿಯಲಿ.