ಅವಳ ಎತ್ತರದ ಅಡುಗೆಕಟ್ಟೆ

ಈ ಪರದೇಶಕ್ಕೆ ಬಂದು ಹೆಂಡರ್ಸನ್ನಿನಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಹಳೆಯ ಮರದ ಮನೆಯನ್ನು ಟರ್ಕಿಯ ಹುಡುಗನೊಬ್ಬ ಕೊಂಡ. ಪೆನ್‌ರೋಸ್‌ನ ವರ್ಕ್‌ಶಾಪಿನಲ್ಲಿ ಊರವರಿಗೆಲ್ಲ ಅಡುಗೆಮನೆ ಮಾಡಿಕೊಡುವ ಬಡಗಿ. ಸಂಜೆ ಸಾಮಾನು ಹೇರುವ ಯೂಟ್ ಗಾಡಿ ನಿಲ್ಲಿಸಿದವನೇ ಮುಖ ಕೂಡ ತೊಳೆಯದೆ ತನ್ನ ಮನೆಯ ಕೆಲಸಕ್ಕೆ ನಿಲ್ಲುತ್ತಿದ್ದ. ಟರ್ಕಿಯ ತನ್ನ ಊರಲ್ಲಿ ನಿಶ್ಚಯವಾದ ಹುಡುಗಿ ಬರುವಷ್ಟರಲ್ಲಿ ಅದು ಮುಗಿಯಬೇಕಿತ್ತು. ಆ ಸುತ್ತಿಗೆ ಸದ್ದಿಗೆ ನನ್ನ ತಲೆ ಸಿಡಿಯುತ್ತಿತ್ತು. ಒಂದು ದಿನ ಜಗಳಕ್ಕೆಂದೇ ಹೋದೆ. ಅವನು ಕೈ ಒರೆಸಿಕೊಂಡು 'ಅಬ್ಲಾ' ಎಂದ. ಅವರಲ್ಲಿ ಹಾಗೆಂದರೆ ಅಕ್ಕ. ಅಕ್ಕ ಎಂದವನ ಜೊತೆ ಏನು ಜಗಳ ಆಡುವುದು? ಚಹಾ ಕುಡಿದು ಬಂದೆ.

ನಾವಾಡುತ್ತಿದ್ದುದು ಇಬ್ಬರದೂ ಹರುಕು ಇಂಗ್ಲಿಷ್. ನನ್ನ ನೆನಪಿನಲ್ಲಿ ಮಾತ್ರ ಅವನು ಧಾರವಾಡದ ಕನ್ನಡವನ್ನೇ ಆಡುತ್ತಾನೆ.

ಒಮ್ಮೆ ಏನೋ ಕೇಳಲು ಬಂದವನು ನಾನು ಹಲಗೆಯ ಮೇಲೆ ನಿಂತು ರೊಟ್ಟಿ ಬಡಿಯುವುದನ್ನು ಕಂಡ. ಇಲ್ಲಿನ ಅಡುಗೆಕಟ್ಟೆಗಳೆಲ್ಲ ಇಲ್ಲಿಯ ಉದ್ದನೆಯ ಹೆಂಗಸರ ಅಳತೆಯವು, ನನ್ನಂಥ ಗಿಡ್ಡಿಗೆ ಎದೆಗೇ ಬರುತ್ತವೆ ಎಂದು ನಗುತ್ತ ಹೇಳಿದೆ. ಅವನು ನಗಲಿಲ್ಲ.

"ಆಕಿನೂ ನಿಮ್ಮಷ್ಟ ಎತ್ತರ ಅದಾಳ್ರಿ ಅಕ್ಕಾ," ಎಂದ.

ಮರುದಿನವೇ ತನ್ನ ಅರೆಬರೆ ಅಡುಗೆಮನೆಯಲ್ಲಿ ನನ್ನನ್ನು ನಿಲ್ಲಿಸಿದ. "ಹಿಟ್ಟು ನಾದೋಹಂಗ ಕೈ ಮಾಡ್ರಿ." ಬರಿಗಾಳಿಯನ್ನು ನಾದಿದೆ. ನನ್ನ ಮೊಣಕೈ ನೋಡಿ, ಅದಕ್ಕಿಂತ ಸ್ವಲ್ಪ ಕೆಳಗೆ ಗೋಡೆಗೆ ಗೆರೆ ಎಳೆದ. ಹುಡುಗಿ ಅವರ ಕಡೆಯ ತೆಳು ರೊಟ್ಟಿ ಲಟ್ಟಿಸುತ್ತಾಳಂತೆ, ಅವಳ ಬೆನ್ನು ನೋಯಬಾರದಂತೆ. ಮದುವೆಯಾಗಿ ಇಷ್ಟು ವರ್ಷ, ನನ್ನ ಬೆನ್ನನ್ನು ಯಾರೂ ವಿಚಾರಿಸಿರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದರೆ, "ನಿನಗ ಹಲಗಿ ಅದಲ್ಲ," ಅಂದರು. ಅವತ್ತಿನ ಸಾರಿಗೆ ಬೇಕೆಂದೇ ಉಪ್ಪು ಹಾಕಲಿಲ್ಲ.

ಕಟ್ಟೆ ಮುಗಿಯಿತು, ಗೋಡೆಗೆ ಬಣ್ಣವೂ ಆಯಿತು, ವೀಸಾ ಕೂಡ ಬಂತು. ಆಗ ಹುಡುಗಿ ಬರುವುದಿಲ್ಲ ಎಂದಳು. ಅವರ ಪದ್ಧತಿಯಂತೆ ಅವಳ ಮನೆಯವರು ಉಂಗುರ, ಬಳೆಗಳನ್ನೆಲ್ಲ ಅವನ ತಾಯಿಗೆ ಮರಳಿಸಿದ್ದರು. ಬೇಲಿಯಾಚೆಯಿಂದ ಅವನು ಇಷ್ಟನ್ನು ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಕರುಳಿಲ್ಲದವಳು ಎಂದು ಬಾಯಿಗೆ ಬಂದಂತೆ ಬೈದೆ.

"ಬೈಬ್ಯಾಡ್ರಿ ಅಕ್ಕಾ. ಆಕಿ ಅಂಜ್ಯಾಳ. ಇಷ್ಟು ದೂರ ಆಕಿಗೆ ಯಾರಿದ್ದಾರ?"

ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಬಚ್ಚಲಲ್ಲಿ ನಳ ಬಿಟ್ಟುಕೊಂಡು ಅತ್ತವಳೇ. ಬರುತ್ತೀಯಾ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ನಾನೂ ಒಲ್ಲೆ ಎನ್ನುತ್ತಿದ್ದೆನೋ ಏನೋ.

ಕೊನೆಗೆ ಮನೆಯನ್ನು ಮಾರಾಟಕ್ಕಿಟ್ಟ. ನೋಡಲು ಬಂದವರೆಲ್ಲ ಕಟ್ಟೆ ತಗ್ಗಾಯಿತು ಎಂದರು. ಎತ್ತರಿಸಿಬಿಡು ಎಂದು ಏಜೆಂಟ್ ಹೇಳಿದ. ಆ ಕೆಲಸಕ್ಕೆ ಕೈ ಹಾಕುವ ಮುನ್ನಾದಿನ ಅವನು ನಮ್ಮ ಬಾಗಿಲಿಗೆ ಬಂದ.

"ನಾಳೆ ಅದನ್ನ ಕೀಳ್ತೀನ್ರಿ. ಅದಕ್ಕಿಂತ ಮೊದಲ ಒಮ್ಮೆ ಅಲ್ಲಿ ರೊಟ್ಟಿ ಮಾಡ್ತೀರೇನು? ಇನ್ನೂತನಕ ಯಾರೂ ಅದರ ಮ್ಯಾಲೆ ಕೆಲಸ ಮಾಡಿಲ್ಲ."

ಜೋಳದ ಹಿಟ್ಟು, ಹಂಚು ಹೊತ್ತುಕೊಂಡು ಹೋದೆ. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ನೆಲದ ಮೇಲೆ ಕಾಲೂರಿ ನಿಂತು ರೊಟ್ಟಿ ಬಡಿದೆ. ಎಷ್ಟು ಹಿತವಾಗಿತ್ತೆಂದರೆ, ಹಾಗೆ ಹಿತವಾಗಿದ್ದಕ್ಕೇ ಸಂಕಟವಾಯಿತು. ಅವನು ಬಾಗಿಲಲ್ಲಿ ನಿಂತು ರೊಟ್ಟಿಯನ್ನಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದ.

"ಬೆನ್ನು ನೋಯ್ಲಿಕ್ಕತ್ತದೇನ್ರಿ ಅಕ್ಕಾ?"

"ಇಲ್ಲಪಾ. ಒಂಚೂರೂ ಇಲ್ಲ."

"ಹಂಗಾರ ಆಕಿಗೂ ನೋಯ್ತಿದ್ದಿಲ್ಲ," ಎಂದವನು ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತ. ಹಂಚಿನ ಮೇಲಿನ ರೊಟ್ಟಿ ಸೀಯುವವರೆಗೂ ಇಬ್ಬರೂ ಅತ್ತೆವು.