ಪೆಟ್ಟಿಗೆಗೆ ಹೊದಿಸಿದ ಮೇಣದ ಕಾಗದ

ಮೊದಲು ಕಾಗದ ತೆಗೆದೆವೋ, ಮೊದಲು ಫ್ಯಾನ್ ಹಾಕಿದೆವೋ, ನನಗೆ ಖಚಿತವಿಲ್ಲ. ಎರಡರ ನಡುವೆ ಒಂದು ನಿಮಿಷವೂ ಇದ್ದಿರಲಾರದು. ಆದರೆ ಒಬ್ಬ ಮನುಷ್ಯನ ಕೆಲಸ, ಅದಕ್ಕಿಂತ ಹೆಚ್ಚಾಗಿ ಅವನ ಹೆಸರು, ಆ ಒಂದು ನಿಮಿಷದ ಮೇಲೆ ನಿಂತಿತ್ತು. ನೆನಪನ್ನು ಕೆದಕಿದಾಗಲೆಲ್ಲ ಎರಡು ಚಿತ್ರಗಳು ಸಿಗುತ್ತವೆ. ಒಂದರಲ್ಲಿ ಕಾಗದ ಮೊದಲು, ಇನ್ನೊಂದರಲ್ಲಿ ಫ್ಯಾನ್ ಮೊದಲು. ಎರಡೂ ಅಷ್ಟೇ ಸ್ಪಷ್ಟವಾಗಿವೆ, ಆದ್ದರಿಂದ ಎರಡನ್ನೂ ನಂಬಲಾರೆ.

ಅದು 2022ರ ಮಳೆಗಾಲ ಇರಬೇಕು. ಹಿಂದಿನ ವರ್ಷವೂ ಇರಬಹುದು. ನಾನು ಆಗ ರಾಮನಗರದ ಒಂದು ಸಣ್ಣ ಕಂಪನಿಯಲ್ಲಿ ಸಿಸ್ಟಮ್ಸ್ ಎಂಜಿನಿಯರ್ ಆಗಿದ್ದೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಎರಡು ಮೂರು ಕಡೆ ನಿಲ್ಲಲಾರದೆ ಬಿಟ್ಟು ಬಂದು, ಅಲ್ಲಿ ಸೇರಿದ್ದೆ. ರೇಷ್ಮೆ ಹುಳು ಮನೆಗಳ ಶಾಖ ಮತ್ತು ತೇವಾಂಶವನ್ನು ನೋಡಿಕೊಳ್ಳುವ ಕಂಪ್ಯೂಟರ್ ಪೆಟ್ಟಿಗೆಗಳನ್ನು ಕಂಪನಿ ಜೋಡಿಸಿ ಕೊಡುತ್ತಿತ್ತು. ಗೋಡೆಯ ಮೇಲಿನ ಸೆನ್ಸರ್‌ಗಳು ಅಳತೆ ಕಳಿಸುತ್ತವೆ. ಪೆಟ್ಟಿಗೆ ಅದನ್ನು ಓದಿ ಹೀಟರನ್ನೋ ಮಂಜು ಚಿಮ್ಮಿಸುವ ಯಂತ್ರವನ್ನೋ ಹಾಕುತ್ತದೆ, ಆರಿಸುತ್ತದೆ. ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಇದ್ದ ಪೆಟ್ಟಿಗೆಗಳೆಲ್ಲ ಸರಿಯಾಗಿ ಉಸಿರಾಡುತ್ತಿವೆಯೇ ಎಂದು ಕಚೇರಿಯಲ್ಲಿ ಕುಳಿತು ನೋಡುವುದು ನನ್ನ ಕೆಲಸ. ಅದಕ್ಕೆ ಬಣ್ಣದ ಪರದೆಯಾಗಲಿ ಒತ್ತುವ ಗುಂಡಿಯಾಗಲಿ ಬೇಕಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿದರೆ ಅಂಕಿಗಳು ಬರುತ್ತವೆ. ಅಂಕಿಗಳನ್ನು ಓದಲು ಬಂದರೆ ಆಯಿತು. ಓದಲು ಬರುತ್ತದೆ ಎಂದು ಆಗ ನನಗೆ ಅನುಮಾನವಿರಲಿಲ್ಲ.

ಮಾಗಡಿ ತಾಲ್ಲೂಕಿನ ರಂಗೇಗೌಡರ ಚಾಕಿ ಕೇಂದ್ರದಿಂದ ದೂರು ಬಂತು. ಚಾಕಿ ಕೇಂದ್ರವೆಂದರೆ ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗ. ಹುಳು ಮೇಯುವುದು ಬಿಟ್ಟು, ತಲೆಯೆತ್ತಿ ಅಲುಗಾಡದೆ ನಿಂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆ ಹೊತ್ತಿನಲ್ಲಿ ತೇವ ಇಳಿಸಬೇಕು, ಹುಳುವಿನ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ ಒಣಗಿಸಬೇಕು. ಅದು ತಪ್ಪಿದರೆ ಹುಳು ಒಟ್ಟಿಗೆ ಏಳುವುದಿಲ್ಲ. ಒಂದು ದಪ್ಪ, ಒಂದು ಸಣ್ಣ. ಅಂಥ ಹುಳುವನ್ನು ಮನೆಗೆ ಒಯ್ದವರ ಬೆಳೆ ನೆಟ್ಟಗಾಗುವುದಿಲ್ಲ. ಆ ಕೇಂದ್ರದಿಂದ ಹೋದ ಹುಳು ಕೆಲವು ವಾರಗಳಿಂದ ಹಾಗೆಯೇ ಆಗುತ್ತಿತ್ತು.

ಅಲ್ಲಿ ಹುಳು ಸಾಕುತ್ತಿದ್ದವನು ಬೀರಣ್ಣ. ಐವತ್ತರ ಆಸುಪಾಸಿನ, ಕುರಿ ಸಾಕುವ ಮನೆತನದ ಮನುಷ್ಯ. ಹೆಂಡತಿಯೊಂದಿಗೆ ಕೇಂದ್ರದ ಹಿಂದಿನ ಎರಡು ಕೋಣೆಯಲ್ಲೇ ವಾಸ. ಅವನ ಕೈಗುಣ ಒಳ್ಳೆಯದೆಂದು ಸುತ್ತಿನವರು ನಂಬಿದ್ದರು. ದೊಡ್ಡಆಲಹಳ್ಳಿಯಷ್ಟು ದೂರದಿಂದಲೂ ಬಂದು, ಬೀರಣ್ಣ ಸಾಕಿದ ಹುಳುವೇ ಬೇಕು ಎಂದು ಕೇಳಿ ಒಯ್ಯುವವರಿದ್ದರು. ನನಗೆ ಕೈಗುಣದಲ್ಲಿ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಅವನ ಅನ್ನ ಇದ್ದದ್ದು ಅದರಲ್ಲಿ.

ನಾನು ಮೊದಲು ಕಚೇರಿಯಿಂದಲೇ ನೋಡಿದೆ. ಅಪ್‌ಟೈಮ್ ಎಂಬ ಕಮಾಂಡ್ ಕೊಟ್ಟರೆ ಲೋಡ್ ಆವರೇಜ್ ಎಂಬ ಮೂರು ಅಂಕಿ ಬರುತ್ತದೆ. ಕಳೆದ ಒಂದು, ಐದು, ಹದಿನೈದು ನಿಮಿಷಗಳಲ್ಲಿ ಸರಾಸರಿ ಎಷ್ಟು ಕೆಲಸಗಳು ಪ್ರೊಸೆಸರ್ ಮುಂದೆ ಸಾಲುಗಟ್ಟಿದ್ದವು ಎಂಬ ಲೆಕ್ಕ ಅದು. ಡೈರಿಯಲ್ಲಿ ಹಾಲು ಅಳೆಯುವವರು ನಾಲ್ಕು ಜನರಿದ್ದಾಗ ಕ್ಯಾನು ಹಿಡಿದವರು ನಾಲ್ಕು ಜನ ಬಂದರೆ ಯಾರೂ ಕಾಯಬೇಕಿಲ್ಲ. ಈ ಪೆಟ್ಟಿಗೆಯ ಪ್ರೊಸೆಸರಿನಲ್ಲೂ ಅಳೆಯುವವರು ನಾಲ್ಕೇ, ಸಾಲಿನಲ್ಲಿ ಹತ್ತೊಂಬತ್ತು ಜನ ನಿಂತಿದ್ದರು. ತೇವಾಂಶ ಓದುವ ಪ್ರೋಗ್ರಾಂ ಹತ್ತು ಸೆಕೆಂಡಿಗೊಮ್ಮೆ ಓಡಬೇಕಾದದ್ದು, ಸರದಿ ಸಿಗದೆ ನಿಮಿಷಗಟ್ಟಲೆ ಕಾಯುತ್ತಿತ್ತು. ಅಷ್ಟು ಹೊತ್ತು ಮಂಜಿನ ಯಂತ್ರ ಚಿಮ್ಮಿಸುತ್ತಲೇ ಇರುತ್ತಿತ್ತು.

ಯಾರು ಸಾಲಿಗೆ ಅಡ್ಡ ನಿಂತಿದ್ದಾರೆಂದು ತಿಳಿಯಲು ಟಾಪ್ ಎಂಬ ಕಮಾಂಡ್ ಕೊಟ್ಟೆ. ಯಾವ ಪ್ರೋಗ್ರಾಂ ಎಷ್ಟು ದುಡಿಸಿಕೊಳ್ಳುತ್ತಿದೆ ಎಂದು ಅದು ದೊಡ್ಡದರಿಂದ ಚಿಕ್ಕದಕ್ಕೆ ತೋರಿಸುತ್ತದೆ. ಕಂಡವೆಲ್ಲ ಗೊತ್ತಿದ್ದವೇ: ಹುಳುವನ್ನು ನೋಡಲು ಇಟ್ಟ ಕ್ಯಾಮರಾದ ಚಿತ್ರ ಕುಗ್ಗಿಸುವ ಎರಡು ಕೆಲಸ, ನಮ್ಮ ಪ್ರೋಗ್ರಾಂ. ಹೊಸಬರು ಯಾರೂ ಇಲ್ಲ. ಪ್ರೊಸೆಸರ್ ಶೇಕಡಾ ನೂರು ದುಡಿಯುತ್ತಿತ್ತು. ಇವೇ ಕೆಲಸಗಳಿಗೆ ಮೊದಲು ಮೂವತ್ತು ಸಾಕಾಗುತ್ತಿತ್ತು. ವಿಎಂಸ್ಟ್ಯಾಟ್ ಎಂಬ ಇನ್ನೊಂದು ಕಮಾಂಡಿನಲ್ಲಿ ಮೆಮೊರಿ ನೋಡಿದೆ, ಡಿಸ್ಕ್ ನೋಡಿದೆ. ಎರಡೂ ಸರಿ. ಎಲ್ಲವೂ ಸರಿಯಿದ್ದು ಯಂತ್ರ ಮಾತ್ರ ತೆವಳುತ್ತಿತ್ತು. ಒಂದು ದಿನವೆಲ್ಲ ಆ ನೂರರ ಮುಂದೆ ಕುಳಿತಿದ್ದೆ. ಅದು ಯಾವುದರ ನೂರು ಎಂದು ಕೇಳಿಕೊಳ್ಳಲಿಲ್ಲ. ಹಸಿದ ಎತ್ತೂ ತನ್ನ ಪೂರ್ತಿ ಬಲ ಹಾಕಿಯೇ ಎಳೆಯುತ್ತದೆ.

ಮಾರನೆಯ ದಿನ ಬೆಳಿಗ್ಗೆ ಬೈಕಿನಲ್ಲಿ ಮಾಗಡಿ ಕಡೆ ಹೊರಟೆ. ಮೋಡ ಕವಿದಿತ್ತು, ಮಳೆ ಬರುತ್ತಿರಲಿಲ್ಲ. ಕೇಂದ್ರದ ಜಗಲಿಯ ಮೇಲೆ ಗುಡೇಮಾರನಹಳ್ಳಿಯ ರೈತ ತಿಮ್ಮಯ್ಯ ಕೂತಿದ್ದ. ಅವನು ಒಯ್ದ ಹುಳು ಕೆಟ್ಟಿತ್ತು, ಬೇರೆ ಹುಳು ಕೇಳಲು ಬಂದಿದ್ದ. ಬೀರಣ್ಣ ಕೈಕಾಲು ತೊಳೆದುಕೊಂಡು ಒಳಹೋಗುವುದರಲ್ಲಿದ್ದ. ಇಬ್ಬರೂ ಒಂದೇ ವಯಸ್ಸಿನವರು, ಹಳೆಯ ಸ್ನೇಹಿತರಂತೆ. ತಿಮ್ಮಯ್ಯ ನಗುತ್ತಲೇ ಚುಚ್ಚಿದ.

"ಏನ್ಲಾ ಬೀರ, ನಿನ್ ಕೈಯೇ ಕೆಟ್ಟೋಯ್ತೇನ್ಲಾ? ನಮ್ಮನೇಲಿ ಒಂದ್ ಹುಳ ಮೇಯ್ತಾ ಐತೆ, ಒಂದ್ ಮಲ್ಗೈತೆ, ಒಂದು ಸತ್ತೈತೆ."

"ಕೈ ಅದೇಯಾ ಕಣ್ಲಾ. ಮಿಷಿನ್ನು ಬಂದ್ಮೇಲೆ ಕೈಗೇನ್ ಕೆಲ್ಸ ಬುಡು," ಎಂದ ಬೀರಣ್ಣ. ಅವನು ನಗಲಿಲ್ಲ.

ರಂಗೇಗೌಡರು ಒಳ್ಳೆಯ ಮನುಷ್ಯರೇ. ಆದರೆ ರೈತರು ಬೇರೆ ಕೇಂದ್ರಕ್ಕೆ ಹೋಗತೊಡಗಿದ್ದರು. ಮೂಟೆಗಟ್ಟಲೆ ಸೊಪ್ಪು ವ್ಯರ್ಥವಾಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಕೇಳಿದರು: "ಸಾರ್, ನಂಗೆ ಒಂದೇ ಮಾತ್ ಬೇಕು. ಮಿಷಿನ್ನಾ, ಮನ್ಸನಾ?"

ಮನುಷ್ಯ ಎಂದಾದರೆ ಬೀರಣ್ಣ ಆ ಎರಡು ಕೋಣೆ ಬಿಡಬೇಕಾಗುತ್ತಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನನ್ನ ಮನಸ್ಸು ಆಗ ಬೀರಣ್ಣನ ಕಡೆಗೇ ಇತ್ತು. ಲೋಡ್ ಹತ್ತೊಂಬತ್ತು ಇರುವುದನ್ನು ನಾನೇ ನೋಡಿದ್ದೆ. ತಪ್ಪು ಪೆಟ್ಟಿಗೆಯದು, ಕೈಯದಲ್ಲ ಎಂದು ಪರದೆಯ ಮೇಲೆ ತೋರಿಸಿಬಿಡುತ್ತೇನೆ ಎಂದುಕೊಂಡು ಒಳಗೆ ಹೋದೆ.

ಒಳಗೆ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಹೋಗಬೇಕು. ಬಿಸಿ, ಹಬೆ, ಹಸಿ ಸೊಪ್ಪಿನ ವಾಸನೆ. ಮಂಜಿನ ಯಂತ್ರಗಳ ಸದ್ದಿನಲ್ಲಿ ಪಕ್ಕದವರ ಮಾತೂ ಸರಿಯಾಗಿ ಕೇಳದು. ಆ ಸದ್ದಿನಲ್ಲಿ ಪೆಟ್ಟಿಗೆಯೊಳಗಿನ ಪುಟ್ಟ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ. ಆ ಅಗ್ಗದ ಬೋರ್ಡಿನಲ್ಲಿ ಫ್ಯಾನಿನ ವೇಗ ಹೇಳುವ ವ್ಯವಸ್ಥೆಯೂ ಇರಲಿಲ್ಲ, ಹಾಗಾಗಿ ಯಾವ ಕಮಾಂಡಿಗೂ ಅದು ಉತ್ತರ ಕೊಡುತ್ತಿರಲಿಲ್ಲ. ಪೆಟ್ಟಿಗೆಗೆ ಸೀಲ್ ಹಾಕಿ ಕಳಿಸುತ್ತಿದ್ದೆವು. ಹೊರಗೆ ಹೋದ ಎಂಜಿನಿಯರ್ ಅದನ್ನು ತೆರೆಯಬಾರದೆಂಬುದು ಕಂಪನಿಯ ನಿಯಮ.

ಮೂಲೆಯ ಮೇಜಿನ ಮೇಲಿದ್ದ ಪೆಟ್ಟಿಗೆಯ ಮೇಲೆ ಮೇಣದ ಕಾಗದ ಹೊದಿಸಿತ್ತು. ಎಳೆಯ ಹುಳುವಿನ ತಟ್ಟೆಗೆ, ಸೊಪ್ಪು ಬಾಡದಿರಲೆಂದು ಹೊದಿಸುತ್ತಾರಲ್ಲ, ಅದೇ ಕಾಗದ. ಮಡಿಕೆಗಳನ್ನು ಅಷ್ಟೇ ಜೋಪಾನವಾಗಿ ಒಳಕ್ಕೆ ಸೇರಿಸಿ, ವೈರು ಬರುವ ಹಿಂಬದಿಯನ್ನು ಮಾತ್ರ ಬೀರಣ್ಣ ತೆರೆದು ಬಿಟ್ಟಿದ್ದ. ಹಿಂಬದಿ ತೆರೆದಿತ್ತು ಎಂಬುದು ನನಗೆ ನೆನಪಿದೆ, ಏಕೆಂದರೆ ಲ್ಯಾಪ್‌ಟಾಪಿನ ಕೇಬಲ್ಲನ್ನು ಕಾಗದ ತೆಗೆಯದೆಯೇ ಅಲ್ಲಿ ಚುಚ್ಚಿದೆ.

ಪ್ರೊಸೆಸರಿನ ಗಡಿಯಾರದ ವೇಗ ಕೇಳುವ ಕಮಾಂಡ್ ಕೊಟ್ಟೆ. ಎರಡು ಸಾವಿರ ಮೆಗಾಹರ್ಟ್ಸ್‌ನಲ್ಲಿ ಓಡಬೇಕಾದ ಪ್ರೊಸೆಸರ್ ನಾನೂರರಲ್ಲಿ ಓಡುತ್ತಿತ್ತು. ಶಾಖ ತೊಂಬತ್ತು ಡಿಗ್ರಿಗಿಂತ ಮೇಲೆ. ಸುಟ್ಟುಹೋಗದಿರಲೆಂದು ಪ್ರೊಸೆಸರ್ ತಾನೇ ತನ್ನ ವೇಗ ಇಳಿಸಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಅದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಹಿಂದಿನ ದಿನ ಕಂಡ ನೂರು, ಐದರಲ್ಲೊಂದು ಪಾಲಿನ ನೂರು.

ಯಾಕೆ ಹೊದಿಸಿದ್ದೀಯ ಎಂದು ಪಕ್ಕದಲ್ಲಿದ್ದ ಬೀರಣ್ಣನನ್ನು ಕೇಳಿದೆ.

"ಜ್ವರದಾಗೆ ಸುಣ್ಣ ಒಡೀತೀವಲ್ಲ ಸಾ, ಅದರ ಮೂತಿಗೂ ಒಡೀತದೆ. ಹುಳಕ್ಕೆ ಹೊದಿಸ್ದಂಗೆ ಅದುಕ್ಕೂ ಹೊದಿಸ್ದೆ," ಎಂದ.

ಎಂದಿನಿಂದ ಎಂದು ಕೇಳಿದೆನೋ ಇಲ್ಲವೋ ಗೊತ್ತಿಲ್ಲ. ಅವನು ಉತ್ತರ ಹೇಳಿದ್ದು ಮಂಜಿನ ಯಂತ್ರದ ಸದ್ದಿನಲ್ಲಿ ಹೋಯಿತೋ ಏನೋ. ಹುಳು ಕೆಡಲು ಶುರುವಾದ ಮೇಲೆ ಹೊದಿಸಿದನೇ, ಹೊದಿಸಿದ ಮೇಲೆ ಕೆಡಲು ಶುರುವಾಯಿತೇ? ಆ ಒಂದು ಪ್ರಶ್ನೆಯಲ್ಲೇ ಎಲ್ಲ ಇತ್ತು.

ಆಮೇಲಿನ ಒಂದು ನಿಮಿಷ. ಪೆಟ್ಟಿಗೆ ಕಾದಿದೆ ಎಂದು ನಾನು ಹೇಳಿದ್ದೇ ತಡ, ಬೀರಣ್ಣ ಅದರ ಮೇಲೆ ಅಂಗೈ ಇಟ್ಟ. ಹುಳುವಿನ ತಟ್ಟೆಯ ಮೇಲೆ ಇಡುವ ಹಾಗೆಯೇ. "ಒಸಿ ಗಾಳಿ ಬುಡಾನ ಸಾ," ಎಂದವನೇ ಸುಣ್ಣ ಉದುರಿಸಿದ ಹಾಸಿಗೆ ಒಣಗಿಸುವ ಎತ್ತರದ ಸ್ಟ್ಯಾಂಡ್ ಫ್ಯಾನನ್ನು ಎಳೆದು ತಂದ. ನನ್ನ ಹಿಂದೆಯೇ ಒಳಬಂದಿದ್ದ ಗೌಡರು ಕಾಗದಕ್ಕೆ ಕೈ ಹಾಕಿದರು. ಪರದೆಯ ಮೇಲೆ ಅಂಕಿ ಏರತೊಡಗಿತು: ನಾನೂರು, ಎಂಟುನೂರು, ಸಾವಿರದ ಆರುನೂರು. ಒಂದು ಚಿತ್ರದಲ್ಲಿ ಕಾಗದ ಗೌಡರ ಕೈಯಲ್ಲಿದೆ, ಫ್ಯಾನಿನ ಪ್ಲಗ್ ಇನ್ನೂ ಬೀರಣ್ಣನ ಕೈಯಲ್ಲೇ ಇದೆ, ಅಂಕಿ ಏರುತ್ತಿದೆ. ಇನ್ನೊಂದರಲ್ಲಿ ಕಾಗದದ ಅಂಚು ಫ್ಯಾನಿನ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದೆ, ಅಂಕಿ ಏರುತ್ತಿದೆ. ಒಂದೇ ಹೊತ್ತಿಗೆ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಹೇಳಲಾಗದು ಎಂಬುದು ಪಿಯುಸಿ ಪ್ರಯೋಗಶಾಲೆಯ ಮೊದಲ ಪಾಠ.

ಗೌಡರಿಗೆ ಅನುಮಾನವಿರಲಿಲ್ಲ. ಅಂಕಿ ಏರಿದಾಗ ಕಾಗದ ಅವರ ಕೈಯಲ್ಲಿತ್ತು. ಅದನ್ನು ನಿಧಾನವಾಗಿ ಮಡಚಿ ಮೇಜಿನ ಮೇಲಿಟ್ಟರು. ಬೇರೆ ಕಾರಣವೂ ಇರಬಹುದು, ಪೆಟ್ಟಿಗೆ ತೆರೆದು ನೋಡಬೇಕು ಎಂದು ನಾನು ಹೇಳಿದೆ ಎಂದುಕೊಂಡಿದ್ದೇನೆ. ಹೇಳಬೇಕೆಂದುಕೊಂಡದ್ದನ್ನೇ ಹೇಳಿದೆನೆಂದು ನೆನಪು ಬರೆದುಕೊಂಡಿರಲೂಬಹುದು. ಅವರು ಆಡಿದ್ದು ಮಾತ್ರ ಕಿವಿಯಲ್ಲಿ ಹಾಗೇ ಇದೆ.

"ಬೀರಣ್ಣ, ನಿನ್ ಕೈ ಕೆಟ್ಟಿಲ್ಲ ಬುಡು. ಆದ್ರೆ ಕೆಡ್ಸಿದ್ದು ನಿನ್ ಕೈಯೇ."

ಬೀರಣ್ಣ ಫ್ಯಾನಿನ ಮೂತಿಯನ್ನು ಪೆಟ್ಟಿಗೆಯ ಕಡೆಗೆ ಇನ್ನೊಂದಿಷ್ಟು ಬಗ್ಗಿಸಿದ. ಹೊರಗೆ ಬಂದಾಗ ತಿಮ್ಮಯ್ಯ ಎದ್ದು ನಿಂತು ಏನಾಯಿತೆಂದು ಕೇಳಿದ. ಗೌಡರು ಹೇಳಿದರು. ತಿಮ್ಮಯ್ಯ ಆಮೇಲೆ ಹಾಸ್ಯ ಮಾಡಲಿಲ್ಲ. ಅವನು ಹಾಸ್ಯ ಮಾಡಿದ್ದರೆ ಚೆನ್ನಾಗಿತ್ತು ಎಂದು ಬೈಕ್ ಹತ್ತುವಾಗ ನನಗನ್ನಿಸಿತು.

ಯಾರೂ ಬೀರಣ್ಣನನ್ನು ಬಯ್ದು ಓಡಿಸಲಿಲ್ಲ. ಸ್ವಲ್ಪ ದಿನ ಊರಿಗೆ ಹೋಗಿ ಬಾ ಎಂದರಂತೆ. ಅಷ್ಟರಲ್ಲಿ ಬೇರೊಬ್ಬನ ಕುಟುಂಬ ಆ ಕೋಣೆಗಳಿಗೆ ಬಂತು. ನಮ್ಮ ಕಂಪನಿ ಅಲ್ಲಿಗೆ ಹೊಸ ಮಾದರಿಯ ಪೆಟ್ಟಿಗೆ ಕೊಟ್ಟಿತು, ಹಳೆಯದನ್ನು ತಂದು ರಾಮನಗರದ ಗೋದಾಮಿನಲ್ಲಿ ಉಳಿದವುಗಳ ಜೊತೆ ಹಾಕಿತು. ಹುಳು ಸಮನಾಗಿ ಬರತೊಡಗಿತು. ಬೀರಣ್ಣ ಹೋದದ್ದರಿಂದ ಎಂದು ಜನ ಹೇಳಿದರು.

ಕೆಲವು ತಿಂಗಳ ಮೇಲೆ ಕನಕಪುರದ ಕಡೆ ಕೆಲಸವಿತ್ತು. ಉಯ್ಯಂಬಳ್ಳಿ ದಾಟಿದ ಮೇಲೆ ರಸ್ತೆಗೆ ಕುರಿಗಳು ಅಡ್ಡ ಬಂದವು. ಹಿಂದೆ ಬೀರಣ್ಣ ಇದ್ದ. ಅದು ಹೆಂಡತಿಯ ತವರಂತೆ, ಕುರಿ ಭಾವಮೈದುನನವು. ನನ್ನನ್ನು ಗುರುತು ಹಿಡಿದು ಹತ್ತಿರ ಬಂದ. ಅವನೇ ಕೇಳಿದ: "ಆ ಪೆಟ್ಗೆ ಈಗ ಚೆಂದಾಗೈತಾ ಸಾ?"

ಬದಲಾಯಿಸಿದ್ದೇವೆ ಎಂದೆ. ತಲೆಯಾಡಿಸಿದ. ಊರಿನಲ್ಲಿ ಯಾರಾದರೂ ಹುಳು ಸಾಕಲು ಕರೆಯುತ್ತಾರೆಯೇ ಎಂದು ವಿಚಾರಿಸಿದೆ. "ಇಲ್ಲೂ ಗೊತ್ತಾಗೋಗೈತೆ ಸಾ," ಎಂದು ಕುರಿಗಳ ಹಿಂದೆ ನಡೆದ.

ಆ ವಾರವೇ ಗೋದಾಮಿಗೆ ಹೋಗಿ ಹಳೆಯ ಪೆಟ್ಟಿಗೆಯನ್ನು ಹುಡುಕಿ, ಸೀಲ್ ಒಡೆದೆ. ಕಂಡದ್ದನ್ನು ಗೌಡರಿಗೆ ಫೋನಿನಲ್ಲಿ ಹೇಳಿದೆ. ಅವರು, "ಈಗ ಯಾಕ್ ಬುಡಿ ಸಾರ್ ಅದು, ಹೊಸಬ ಸೆಟ್ಲಾಗೋಗವ್ನೆ," ಎಂದರು. ಬೀರಣ್ಣನಿಗೂ ಹೇಳಿಕಳಿಸಿದೆ. ಅದು ಅವನನ್ನು ತಲುಪಿತೋ ಇಲ್ಲವೋ ನನಗೆ ತಿಳಿಯದು.

ಅಂಕಿ ಸುಳ್ಳು ಹೇಳುವುದಿಲ್ಲ ಎಂದು ನಮ್ಮ ವೃತ್ತಿಯವರು ಹೇಳುತ್ತಾರೆ. ಆದರೆ ಕೇಳಿದ್ದಕ್ಕಿಂತ ಹೆಚ್ಚು ಏನನ್ನೂ ಅದು ಹೇಳುವುದಿಲ್ಲ. ಉಳಿದದ್ದನ್ನು ಅದರ ಸುತ್ತ ನಿಂತ ಜನ ತುಂಬಿಕೊಳ್ಳುತ್ತಾರೆ. ಆ ಹುಳು ಮನೆಯ ನಿಮಿಷದ ಬಗ್ಗೆ ನನ್ನ ಸಾಕ್ಷ್ಯವನ್ನು ಯಾರೂ ನಂಬಬೇಕಾಗಿಲ್ಲ. ಗೋದಾಮಿನ ಮೇಜಿನ ಮೇಲೆ ನೋಡಿದ್ದು ಬೇರೆ ಮಾತು. ಪೆಟ್ಟಿಗೆಯೊಳಗಿನ ಫ್ಯಾನಿಗೆ ಸುಣ್ಣದ ಪುಡಿ ಹೊಕ್ಕು, ಆ ಮನೆಯ ತೇವಕ್ಕೆ ನೆನೆದು, ಪದರದ ಮೇಲೆ ಪದರ ಗಾರೆಯಂತೆ ಗಟ್ಟಿಯಾಗಿತ್ತು. ಬೆರಳಿನಿಂದ ದೂಡಿದರೂ ತಿರುಗಲಿಲ್ಲ. ಆ ಫ್ಯಾನು ಕಿತ್ತು ಹೊಸದು ಹಾಕಿದೆ, ಕ್ಯಾಮರಾದ ಕೆಲಸ ಪೂರ್ತಿ ಹೊರಿಸಿದೆ, ಮಾರುಕಟ್ಟೆಯಿಂದ ಮೇಣದ ಕಾಗದ ತಂದು ಬೀರಣ್ಣ ಹೊದಿಸಿದಂತೆಯೇ ಹಿಂಬದಿ ಬಿಟ್ಟು ಹೊದಿಸಿದೆ. ಈ ಸಲ ಒಂದು ಹೊತ್ತಿಗೆ ಒಂದೇ ಬದಲಾವಣೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಪ್ಪು ಪರದೆಯ ಮುಂದೆ ಕೂತಿದ್ದೆ. ಕಾಗದ ಹೊದಿಸಿಯೇ ಇದ್ದರೂ ಗಡಿಯಾರದ ವೇಗ ಎರಡು ಸಾವಿರದಿಂದ ಇಳಿಯಲಿಲ್ಲ.